ಹಿಂದ ನಾ ಅದೀನಿ

ದೆವ್ವ ಕಂಡೆ ಎನ್ನುವವರ ಮಾತು ಕೇಳಿದರೆ ನನಗೆ ಮೊದಲಿನಿಂದಲೂ ನಗು. ದಾರಿಯಲ್ಲಿ ಯಾರೋ ದೃಷ್ಟಿಗೆಂದು ಇಳಿತೆಗೆದು ಎಸೆದ ನಿಂಬೆಹಣ್ಣನ್ನು ಬೇಕಂತಲೇ ದಾಟಿ, ಅವ್ವನ ಕೈಯಲ್ಲಿ ಬೈಸಿಕೊಂಡ ಭೂಪ ನಾನು. ಈಗಲೂ ನಾನು ದೆವ್ವ ಕಂಡೆ ಎಂದು ಹೇಳುತ್ತಿಲ್ಲ. ಕಂಡದ್ದೇನೂ ಇಲ್ಲ, ಕೇಳಿದ್ದು ಮಾತ್ರ. ಅದೂ ರಾತ್ರಿಯಲ್ಲ, ಮಟಮಟ ಮಧ್ಯಾಹ್ನ. ನಂಬುವುದು ಬಿಡುವುದು ನಿಮ್ಮ ಇಷ್ಟ. ಆದರೆ ಇದರಲ್ಲಿ ನನ್ನದೊಂದು ತಪ್ಪಿದೆ, ಅದನ್ನು ಮುಚ್ಚಿಟ್ಟು ಹೇಳಿದರೆ ಹೇಳಿದಂತೆ ಆಗುವುದಿಲ್ಲ.

ಆಗ ನಾನು ಗೋಕಾಕದಲ್ಲಿ ಡಿಗ್ರಿಯ ಕೊನೆಯ ವರ್ಷದಲ್ಲಿದ್ದೆ. ಕೌಜಲಗಿಯ ನಾಲ್ಕಾರು ಹುಡುಗ ಹುಡುಗಿಯರು ನಮ್ಮ ಕಾಲೇಜಿನಲ್ಲಿದ್ದರು. ಅವರ ಓಣಿಯಲ್ಲಿ ಎಲ್ಲವೂ ಒಂದೊಂದೇ ಕೋಣೆಯ ಮನೆಗಳು. ಪರೀಕ್ಷೆ ಬಂತೆಂದರೆ ಮಕ್ಕಳು ಬುದ್ಧವಿಹಾರದ ಕಟ್ಟೆಯ ಮೇಲೆ ಬೀದಿದೀಪದ ಬೆಳಕಿನಲ್ಲಿ ಓದಬೇಕಿತ್ತು. ಅಲ್ಲೊಂದು ಓದುವ ಕೋಣೆ ಕಟ್ಟಿಸಬೇಕೆಂದು ನಾವು ಇಪ್ಪತ್ತೆರಡು ಮಂದಿ ಹಟ ತೊಟ್ಟೆವು. ಹತ್ತರಗಿಯಿಂದ ಕೌಜಲಗಿಯವರೆಗೆ ಮೂರು ದಿನ ನಡೆಯುವುದು. ನಡೆದ ಪ್ರತಿ ಕಿಲೋಮೀಟರಿಗೆ ಇಷ್ಟು ಎಂದು ಊರವರು ದೇಣಿಗೆ ಕೊಡುವುದು. ಎಲ್ಲರಿಗಿಂತ ಹೆಚ್ಚು ಕೊಡಲು ಒಪ್ಪಿದ್ದವರು ಗೊಬ್ಬರದಂಗಡಿಯ ಸಾಹುಕಾರರೊಬ್ಬರು. ಅವರದು ಒಂದೇ ಕರಾರು.

“ಎಲ್ಲಾರೂ ನಡೀಬೇಕ್ ನೋಡ್ರಿ. ಒಬ್ಬಾಂವ ಗಾಡಿ ಹತ್ತಿದ್ರೂ ನಂದು ಒಂದು ರೂಪಾಯಿ ಇಲ್ಲ.”

ಸಾಲಿನ ಮುಂದೆ ನನ್ನ ಗೆಳೆಯ ಬಸು. ಕಟ್ಟಕಡೆಗೆ ನಾನು. ಕೋಲಿಗೆ ಕೆಂಪು ಬಟ್ಟೆ ಕಟ್ಟಿ ನನ್ನ ಕೈಗೆ ಕೊಟ್ಟಿದ್ದರು. ನನ್ನ ಹಿಂದೆ ಯಾರೂ ಉಳಿಯಬಾರದು, ಇಷ್ಟೇ ನನ್ನ ಕೆಲಸ. ಅರ್ಧ ತಾಸಿಗೊಮ್ಮೆ ಬಸು ನಿಂತು, “ಎಲ್ಲಾರೂ ಬಂದ್ರೇನ್ರಿ?” ಎಂದು ಕೂಗುತ್ತಿದ್ದ. ನಾನು, “ಹಿಂದ ನಾ ಅದೀನಿ, ನಡೀರಿ!” ಎಂದು ಒದರುತ್ತಿದ್ದೆ. ನನ್ನ ಬಾಯಿಂದ ‘ನಡೀರಿ’ ಎಂಬ ಮಾತು ಬಂದ ಮೇಲೆಯೇ ಸಾಲು ಮುಂದಕ್ಕೆ ಹೊರಡುತ್ತಿತ್ತು.

ಮೊದಲ ದಿನ ಹಾಡಿಕೊಂಡು ಕುಣಿದುಕೊಂಡು ಹಿಡಕಲ್ ಮುಟ್ಟಿ, ಅಲ್ಲಿಯ ಶಾಲೆಯಲ್ಲಿ ಮಲಗಿದೆವು. ಎರಡನೆಯ ದಿನ ಕಾಲುವೆಯ ದಂಡೆ ಹಿಡಿದು ಗೋಕಾಕದ ಕಡೆ ಹೊರಟೆವು. ಇಷ್ಟು ದೂರದ ನಡಿಗೆಗೆ ಹೊಸ ಬೂಟು ಹಾಕಿಕೊಂಡು ಬಂದ ಜಾಣ ನಾನೊಬ್ಬನೇ. ಹಿಮ್ಮಡಿಯ ಗುಳ್ಳೆ ಒಡೆದು, ಬಿಸಿಲು ನೆತ್ತಿಗೆ ಬರುವಷ್ಟರಲ್ಲಿ ಕಾಲೂರಲು ಆಗದಂತಾಯಿತು. ಕುಂಟುತ್ತ ಕುಂಟುತ್ತ ಹಿಂದೆ ಬಿದ್ದೆ. ಸಾಲು ತಿರುವಿನಾಚೆ ಮರೆಯಾಯಿತು. ಆಗ ಹಾಲಿನ ಕ್ಯಾನು ಕಟ್ಟಿಕೊಂಡ ಬೈಕಿನವನೊಬ್ಬ ಬಂದು ನನ್ನ ಪಕ್ಕದಲ್ಲೇ ನಿಲ್ಲಿಸಿದ.

“ಹತ್ತೋ ತಮ್ಮಾ. ಈ ಬಿಸಲಾಗ ಕುಂಟಕೋಂತ ಎಲ್ಲಿ ಹೊಂಟಿ?”

ಹಿಂದೆ ನೋಡಿದೆ, ಮುಂದೆ ನೋಡಿದೆ. ಒಂದು ಕಡೆ ಕಾಲುವೆ, ಒಂದು ಕಡೆ ಆಳೆತ್ತರದ ಕಬ್ಬು. ನರಪಿಳ್ಳೆ ಇರಲಿಲ್ಲ. ಹತ್ತಿಬಿಟ್ಟೆ. ಕೆಂಪು ಬಟ್ಟೆಯನ್ನು ಕೋಲಿಗೆ ಬಿಗಿಯಾಗಿ ಸುತ್ತಿ ತೊಡೆಯ ಕೆಳಗೆ ಒತ್ತಿಕೊಂಡೆ. ನಮ್ಮವರು ಕಾಣುವ ಮೊದಲೇ ಬೇವಿನ ಮರದ ಮರೆಯಲ್ಲಿ ಇಳಿದು, ಏನೂ ಆಗದವನಂತೆ ಹೋಗಿ ಸಾಲಿನ ಹಿಂದೆ ಸೇರಿಕೊಂಡೆ.

ಸೇರಿ ಐದು ನಿಮಿಷವೂ ಆಗಿರಲಿಲ್ಲ, ಬಸು ಕೂಗಿದ. ನಾನು ಉತ್ತರ ಕೊಡಲು ಬಾಯಿ ತೆರೆಯಬೇಕು, ಅಷ್ಟರಲ್ಲಿ ನನ್ನ ಹಿಂದಿನಿಂದ, ದೂರದಿಂದ, ದನಿ ಬಂತು.

“ಹಿಂದ ನಾ ಅದೀನಿ, ನಡೀರಿ!”

ತಿರುಗಿ ನೋಡಿದರೆ ಖಾಲಿ ದಾರಿ, ಅದರ ಮೇಲೆ ಕುಣಿಯುವ ಬಿಸಿಲು. ಸಾಲು ಆಗಲೇ ಹೊರಟಿತ್ತು. ಯಾರೋ ಚೇಷ್ಟೆ ಮಾಡುತ್ತಿದ್ದಾರೆ, ಕಬ್ಬಿನಲ್ಲಿ ಕೂಲಿಯವರಿರಬೇಕು ಎಂದು ಸಮಾಧಾನ ಮಾಡಿಕೊಂಡೆ. ಆದರೆ ಆ ದನಿ ಎಲ್ಲೋ ಕೇಳಿದ ದನಿ. ಯಾರದೆಂದು ಮಾತ್ರ ನೆನಪಾಗಲಿಲ್ಲ. ಮುಂದಿನ ಅರ್ಧ ತಾಸು ಕಾಲಿನ ನೋವೂ ಗೊತ್ತಾಗಲಿಲ್ಲ. ಬೆನ್ನಿಗೆ ಯಾರೋ ಕಣ್ಣು ನೆಟ್ಟಂತೆ. ತಿರುಗಿ ನೋಡುವ ಧೈರ್ಯವಾಗದೆ ಮುಂದಿನವರ ಹಿಮ್ಮಡಿ ತುಳಿಯುವಷ್ಟು ಹತ್ತಿರ ನಡೆದೆ. ಬಸು ಕೂಗದಿರಲಿ ದೇವರೇ ಎಂದು ಬೇಡಿಕೊಂಡೆ, ದೇವರನ್ನು ನಂಬದ ನಾನು.

ಅವನು ಕೂಗಿದ. ಈ ಸಲ ದನಿ ಇನ್ನೂ ದೂರದಿಂದ ಬಂತು, ಆದರೆ ಕಿವಿಯಲ್ಲೇ ಹೇಳಿದಷ್ಟು ಸ್ಪಷ್ಟ.

“ಹಿಂದ ನಾ ಅದೀನಿ!”

ಅಷ್ಟೇ. ‘ನಡೀರಿ’ ಎನ್ನಲಿಲ್ಲ. ಸಾಲು ನಿಂತೇ ಇತ್ತು. ಇನ್ನು ನನ್ನಿಂದಾಗಲಿಲ್ಲ, ಜೀವ ಕೈಯಲ್ಲಿ ಹಿಡಿದುಕೊಂಡು ಬಸು ಇದ್ದಲ್ಲಿಗೆ ಓಡಿದೆ. ಅವನು ನನ್ನನ್ನು ಕಣ್ಣು ಕಿಸಿದು ನೋಡಿದ.

“ಲೇ, ಈಗಿನ್ನೂ ಅಷ್ಟ ದೂರದಿಂದ ಒದರಿದೆಲ್ಲೋ? ನಡೀರಿ ಅಂತ ಯಾಕ ಅನ್ನಲಿಲ್ಲ?”

“ನಾ ಒದರಿಲ್ಲೋ ಬಸು. ಮಂದಿ ಎಣಿಸು ಮೊದಲ.”

ಎಣಿಸಿದರೆ ಇಪ್ಪತ್ತೊಂದು. ಕೌಜಲಗಿಯ ಕಸ್ತೂರಿ ಇರಲಿಲ್ಲ. ಮೊದಲ ವರ್ಷದ ಹುಡುಗಿ, ಓದುವ ಕೋಣೆಯ ವಿಚಾರ ಮೊದಲು ಎತ್ತಿದವಳೇ ಅವಳು. ಅವಳ ಗೆಳತಿ ಸವಿತಾಳ ಮುಖ ಬಿಳಿಚಿಕೊಂಡಿತು.

“ಕಬ್ಬಿನ ಮರೀಗೆ ಹೋಗಿ ಬರ್ತೀನಿ ಅಂದ್ಳ್ರಿ. ನೀವ್ ನಡೀರಿ, ಹಿಂದ ಅಣ್ಣಾರು ಬರ್ತಾರಲ್ಲ, ಅವ್ರ ಕೂಡ ಬರ್ತೀನಿ ಅಂದ್ಳು.”

ಹಿಂದೆ ಬರುವ ಅಣ್ಣ ನಾನು. ಅವಳು ಕಬ್ಬಿನ ಮರೆಯಲ್ಲಿದ್ದಾಗ ನಾನು ಹಾಲಿನವನ ಬೆನ್ನಿಗೆ ಅಂಟಿಕೊಂಡು ದಾಟಿ ಬಂದಿದ್ದೆ.

ಬಸು, ಸವಿತಾ, ನಾನು ಹಿಂದಕ್ಕೆ ಓಡಿದೆವು. ಎಷ್ಟು ಓಡಿದರೂ ಮುಗಿಯದ ದಾರಿ. ನನ್ನ ಬೂಟಿನಲ್ಲಿ ರಕ್ತ ಪಚಪಚ ಎನ್ನುತ್ತಿತ್ತು. ಕೊನೆಗೆ ಕಾಲುವೆಯ ದಂಡೆಯ ಜಾಲಿ ಮರದ ಬುಡದಲ್ಲಿ ಅವಳು ಬಿದ್ದಿದ್ದಳು. ಮೈ ಕೆಂಡ, ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿದ್ದವು. ಸತ್ತೇಹೋದಳು ಎಂದುಕೊಂಡೆ. ಆದರೆ ಅವಳ ತುಟಿ ಒದ್ದೆಯಾಗಿದ್ದವು, ಕುತ್ತಿಗೆಯವರೆಗೂ ನೀರು ಇಳಿದಿತ್ತು. ಅವಳ ಬಾಟಲಿ ಸವಿತಾಳ ಚೀಲದಲ್ಲಿತ್ತು. ಕಾಲುವೆಯಲ್ಲಿ ಹನಿ ನೀರಿರಲಿಲ್ಲ.

ಟ್ರ್ಯಾಕ್ಟರ್ ಒಂದನ್ನು ನಿಲ್ಲಿಸಿ ದವಾಖಾನೆಗೆ ಒಯ್ದೆವು. ಸಂಜೆಗೆ ಕಣ್ಣು ಬಿಟ್ಟವಳು ಎಲ್ಲರ ನಡುವೆ ನನ್ನನ್ನೇ ಹುಡುಕಿದಳು.

“ಅಣ್ಣಾರ, ನೀವ್ ಬಾಜೂಕ ಕುಂತ್ರಿ ಅಂತ ಉಳದ್ನಿರಿ. ಬಸು ಅಣ್ಣಾರು ಕೂಗಿದಾಗೊಮ್ಮೆ ನೀವು ಓ ಅಂತಿದ್ರಿ. ಹಿಂದ ನಾ ಅದೀನಿ ಅಂತಿದ್ರಿ.”

ಬಿಸಿಲಿಗೆ ಬಡಬಡಿಸುತ್ತಿದ್ದಾಳೆ ಎಂದು ಬಸು ನನ್ನ ಕಿವಿಯಲ್ಲಿ ಹೇಳಿದ. ಇರಬಹುದು. ಆದರೆ ಅವಳು ಬಿದ್ದಿದ್ದ ಜಾಗಕ್ಕೆ ಬಸುವಿನ ಕೂಗು ಮುಟ್ಟುವುದು ಸಾಧ್ಯವೇ ಇರಲಿಲ್ಲ.

ಆ ರಾತ್ರಿ ಊಟದ ಹೊತ್ತಿಗೆ ಯಾರೋ ಬೆಳಗಿನ ನಡಿಗೆಯ ವಿಡಿಯೋ ಹಚ್ಚಿದ್ದರು. ಅದರಲ್ಲಿ ನನ್ನ ದನಿ ಬಂತು. ನಮ್ಮ ದನಿ ಹೊರಗಿನಿಂದ ಕೇಳಿದರೆ ನಮ್ಮದೆಂದು ಗುರುತೇ ಹತ್ತುವುದಿಲ್ಲ, ಅಲ್ಲವೇ? ಮಧ್ಯಾಹ್ನ ಖಾಲಿ ದಾರಿಯಿಂದ ಬಂದದ್ದು ಅದೇ ದನಿ. ಇದ್ದಬದ್ದ ಧೈರ್ಯವೆಲ್ಲ ಸೋರಿಹೋಗಿ, ತಟ್ಟೆ ಬಿಟ್ಟು ಎದ್ದು ಹೋಗಿ ಗೋಡೆಗೆ ಬೆನ್ನು ಹಚ್ಚಿ ಕೂತೆ. ಬೆನ್ನ ಹಿಂದೆ ಗೋಡೆ ಇರಲೇಬೇಕು ಎನಿಸಿತ್ತು.

ಮೂರನೆಯ ದಿನ ಕಾಲಿಗೆ ಬಟ್ಟೆ ಸುತ್ತಿಕೊಂಡು ನಡೆದು ಕೌಜಲಗಿ ಮುಟ್ಟಿದೆ. ಕಸ್ತೂರಿಯನ್ನು ಗಾಡಿಯಲ್ಲಿ ಒಯ್ದದ್ದು ತಿಳಿದ ಸಾಹುಕಾರರು, “ಜೀವಕ್ಕಿಂತ ಕರಾರು ದೊಡ್ಡದೇನ್ರಿ?” ಎಂದು ಮಾತಿನಂತೆ ಕೊಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು. ಕುಂಬಳಕಾಯಿ ಕಳ್ಳನಂತೆ ನಾನು ಹೆಗಲು ಮುಟ್ಟಿಕೊಂಡೆ, ಬಾಯಿ ಬಿಡಲಿಲ್ಲ. ಓದುವ ಕೋಣೆ ಎದ್ದಿತು, ಇವತ್ತಿಗೂ ಮಕ್ಕಳಿಂದ ತುಂಬಿರುತ್ತದೆ.

ಈಗ ನಾನು ಮೂಡಲಗಿಯಲ್ಲಿ ಮೇಷ್ಟ್ರು. ಹೋದ ವರ್ಷ ಬಸ್‌ಸ್ಟ್ಯಾಂಡಿನಲ್ಲಿ ಕಸ್ತೂರಿ ಸಿಕ್ಕಳು. ನರ್ಸ್ ಆಗಿದ್ದಾಳೆ. ಜೊತೆಗಿದ್ದ ಗಂಡನಿಗೆ, “ನಾ ಹೇಳ್ತಿದ್ನೆಲ್ರಿ, ನನ್ನ ಬಾಜೂಕ ಕುಂತ ಅಣ್ಣಾರು, ಇವ್ರ ನೋಡ್ರಿ” ಎಂದು ನನ್ನನ್ನು ತೋರಿಸಿದಳು. ಆತ ಬಗ್ಗಿ ನನ್ನ ಕಾಲು ಮುಟ್ಟಲು ಬಂದ. ನನಗೆ ತಡೆಯಲಾಗಲಿಲ್ಲ.

“ನಾ ಕುಂತಿರಲಿಲ್ಲ ಕಸ್ತೂರಿ. ನಾ ಗಾಡಿ ಹತ್ತಿ ಮುಂದ ಹೋಗಿದ್ನಿ.”

ಅವಳು ನಗಲಿಲ್ಲ. ಬೈಯಲೂ ಇಲ್ಲ. ಬಗ್ಗಿದ್ದ ಗಂಡನ ತೋಳು ಹಿಡಿದು ಎಬ್ಬಿಸಿದಳು.

“ಮತ್ತ ನನಗ ನೀರ್ ಹಾಕಿದವ್ರು ಯಾರ್ರಿ, ಅಣ್ಣಾರ?”

ಅಷ್ಟರಲ್ಲಿ ನನ್ನ ಬಸ್ಸು ಹೊರಟಿತು. ಓಡಿ ಹೋಗಿ ಬಾಗಿಲು ಹಿಡಿದು ಮೆಟ್ಟಿಲೇರಿದೆ. “ಎಲ್ಲಾರೂ ಹತ್ತಿದ್ರೇನ್ರಿ?” ಎಂದು ಕಂಡಕ್ಟರ್ ಕೂಗಿದ. ಕೊನೆಯವನು ನಾನೇ, ಹಿಂದೆ ಯಾರೂ ಇರಲಿಲ್ಲ. ಆದರೂ ಮೆಟ್ಟಿಲಿನ ಮೇಲೆ ಒಂದು ಬದಿಗೆ ಸರಿದು, ಒಬ್ಬರು ಹತ್ತುವಷ್ಟು ಹೊತ್ತು ದಾರಿ ಬಿಟ್ಟು ನಿಂತೆ.