ನಾಲ್ಕು ಕೋಶಕ್ಕೆ ನಿಂತ ಭ್ರೂಣ

ಇದು ಯಾರೋ ಹೇಳಿದ ಕತೆಯಲ್ಲ. ನಾನೇ ಕಿವಿಯಾರೆ ಕೇಳಿದ್ದು, ನನ್ನ ಮೂಗಿಗೇ ಬಡಿದದ್ದು. ನಗುವವರು ನಗಲಿ.

ಹಾಸನದ ಒಂದು ಬಂಜೆತನ ಚಿಕಿತ್ಸಾ ಕೇಂದ್ರದ ಲ್ಯಾಬಿನಲ್ಲಿ ಭ್ರೂಣಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಅವತ್ತು ಸಂಜೆ, ಮಗುವಿಗಾಗಿ ನಮ್ಮಲ್ಲಿ ಚಿಕಿತ್ಸೆ ಪಡೆಯುತ್ತಿದ್ದ ಹಳ್ಳಿಮೈಸೂರಿನ ರತ್ನ ಕಾರಿಡಾರಿನಲ್ಲಿ ನನ್ನ ಕೈ ಹಿಡಿದುಕೊಂಡಳು.

"ಅದೊಂದೇ ಉಳ್ದಿರಾದು ಮೇಡಂ. ಬೆಳೀತಾ ಐತಾ?"

"ನಾಳೆ ಡಾಕ್ಟ್ರು ಹೇಳ್ತಾರೆ" ಎಂದೆ. ನಿಂತುಹೋಗಿದೆ ಎನ್ನಲು ಬಾಯಿ ಬರಲಿಲ್ಲ.

ಮೊದಲ ಎರಡು ಮೂರು ದಿನ ಭ್ರೂಣಕ್ಕೆ ಸ್ವಂತ ಬುದ್ಧಿ ಕಡಿಮೆ. ತಾಯಿಯ ಅಂಡಾಣುವಿನಲ್ಲಿ ಮೊದಲೇ ಕೂಡಿಟ್ಟ ಆರ್‌ಎನ್‌ಎ ಎಂಬ ಸಂದೇಶಗಳಿಂದ ಪ್ರೋಟೀನ್ ತಯಾರಿಸಿಕೊಂಡು ಬದುಕುತ್ತದೆ. ಅವು ಮುಗಿಯುವ ಹೊತ್ತಿಗೆ ಅದು ತಾನಾಗಿ ಎಚ್ಚರಗೊಳ್ಳಬೇಕು. ರತ್ನಳದ್ದು ಎಚ್ಚರಗೊಂಡಿರಲಿಲ್ಲ. ನಾಲ್ಕು ಕೋಶಕ್ಕೆ ನಿಂತು ಇಡೀ ಹಗಲು ಕಳೆದಿತ್ತು.

ರಾತ್ರಿ ಡ್ಯೂಟಿಗೆ ನಾನೊಬ್ಬಳೇ. ಭ್ರೂಣಗಳನ್ನು ಬೆಚ್ಚಗಿಡುವ ಇನ್‌ಕ್ಯುಬೇಟರಿನ ಗುಂಯ್ ಸದ್ದು ಬಿಟ್ಟರೆ ಏನೂ ಇಲ್ಲ. ಭ್ರೂಣಕ್ಕೆ ಕೆಡುಕೆಂದು ನಮ್ಮ ಲ್ಯಾಬಿಗೆ ಹೂ ಮುಡಿದು ಬರುವಂತಿಲ್ಲ, ಸೆಂಟ್ ಹಾಕುವಂತಿಲ್ಲ. ಕಿಟಕಿಯೂ ಇಲ್ಲ.

ಅಂಥಲ್ಲಿ... ಸಾಂಬ್ರಾಣಿ ಹೊಗೆ. ಅದರೊಳಗೆ ಬಜೆ, ಬಿಸಿ ಹರಳೆಣ್ಣೆ. ಥೇಟ್ ಬಾಣಂತಿ ಕೋಣೆಯ ವಾಸನೆ!

ವೈರು ಸುಟ್ಟಿತೇನೋ ಎಂದು ಒಂದೊಂದೇ ಯಂತ್ರ ಮುಟ್ಟಿ ನೋಡಿದೆ. ಎಲ್ಲ ಸರಿಯಿತ್ತು. ಆಗ ಬೆನ್ನ ಹಿಂದೆ, ತೀರಾ ಹತ್ತಿರದಲ್ಲಿ, ಮುದಿ ಹೆಂಗಸಿನ ಪಿಸುದನಿ...

"ಏಳವ್ವಾ... ಒತ್ತಾಯ್ತು... ಏಳು..."

ತಿರುಗಿದೆ. ಯಾರೂ ಇಲ್ಲ. ಮೈಯೆಲ್ಲ ಮುಳ್ಳೆದ್ದಿತು.

ಬಾಗಿಲು ತಟ್ಟಿದ ಸದ್ದಿಗೆ ಕಿರುಚಿಬಿಟ್ಟೆ. ವಾಚ್‌ಮನ್ ರಂಗಣ್ಣ. ಹೊರಗಿನಿಂದಲೇ ಕೇಳಿದ:

"ಮೇಡಂ, ಸಾಂಬ್ರಾಣಿ ಯಾಕಾಕಿದ್ದೀರಾ? ಒಳ್ಗೆ ಯಾವಜ್ಜಿ ಮಾತಾಡ್ತಾವ್ಳೆ?"

ಅವನಿಗೂ ಕೇಳಿಸಿತ್ತು!

"ಯಾರೂ ಇಲ್ಲ ರಂಗಣ್ಣ... ಅಲ್ಲೇ ಇರಿ, ಹೋಗ್ಬೇಡಿ."

ಭ್ರೂಣವನ್ನು ದೊಡ್ಡದಾಗಿ ತೋರಿಸುವ ಸ್ಕ್ರೀನಿನತ್ತ ನೋಡಿದೆ. ಭ್ರೂಣದ ಒಂದು ಕೋಶದ ನಡುವೆ, ದಾರ ಬಿಗಿದಂತೆ ಸಣ್ಣ ಗೆರೆ ಮೂಡಿತ್ತು. ನಾಲ್ಕು ಇದ್ದದ್ದು ಐದಾಯಿತು. ಬೆಳಕು ಹರಿಯುವಷ್ಟರಲ್ಲಿ ಎಂಟು. ವಾಸನೆ ಯಾವಾಗ ಹೋಯಿತೋ ತಿಳಿಯಲೇ ಇಲ್ಲ.

ತಡವಾಗಿ ಎಚ್ಚೆತ್ತಿರಬಹುದು, ಅಪರೂಪಕ್ಕೆ ಹೀಗಾಗುತ್ತದೆ ಎಂದರು ಡಾಕ್ಟರು. ಇರಬಹುದು.

ಅದನ್ನೇ ರತ್ನಳ ಗರ್ಭಕ್ಕೆ ಸೇರಿಸಿದರು. ಹೆಣ್ಣು ಮಗು ಹುಟ್ಟಿತು. ಹೋದ ತಿಂಗಳು ರತ್ನ ಅದನ್ನು ಎತ್ತಿಕೊಂಡು ನನ್ನನ್ನು ನೋಡಲು ಬಂದಿದ್ದಳು. ಹೊರಡುವಾಗ ದನಿ ತಗ್ಗಿಸಿದಳು.

"ಮೇಡಂ, ಅದು ನಿಂತೋಗಿದ್ ರಾತ್ರಿ... ಅಲ್ಲಿ ನೀವೊಬ್ರೇ ಇದ್ರಾ? ಜೊತ್ಗೆ ಯಾರೋ ಅಜ್ಜಿ ಇರ್ನಿಲ್ವಾ?"

ಆ ದನಿ, ಆ ವಾಸನೆಯ ಬಗ್ಗೆ ನಾನು ಅವಳಿಗೆ ಏನೂ ಹೇಳಿರಲಿಲ್ಲ. ತಾನೂ ಹೇಳಿಲ್ಲವೆಂದು ರಂಗಣ್ಣ ಆಣೆ ಮಾಡುತ್ತಾನೆ.

ಅವಳ ಮುಖ ನೋಡಲಾಗಲಿಲ್ಲ. ಗಾಳಿ ಜೋರಾಗಿದೆ, ಮಗುವಿಗೆ ಟೋಪಿ ಹಾಕಿ ಎಂದೆ.