ಹೊರಡದ ಗಾಡಿ

ಆಂಬುಲೆನ್ಸ್ ಆಫೀಸಿನಲ್ಲಿ ಅವನಿಗೆ ಪೋಸ್ಟ್‌ಮ್ಯಾನ್ ಅಂತಲೇ ಹೆಸರು. ಸುಮ್ಮನೆ ಇಟ್ಟದ್ದಲ್ಲ ಬಿಡಿ, ಕ್ಲೌಡ್‌ನಲ್ಲಿರುವ ಕಂಪ್ಯೂಟರ್ ಯಂತ್ರಗಳ ವಿಳಾಸ ನೋಡಿಕೊಳ್ಳುವುದೇ ಅವನ ಕೆಲಸ. ಯಂತ್ರ ಎದ್ದ ಕೂಡಲೇ ಡಿಎಚ್‌ಸಿಪಿ ಎಂಬ ವ್ಯವಸ್ಥೆ ಅದಕ್ಕೊಂದು ನಂಬರು ಕೊಡುತ್ತದೆ, ಅದೇ ಅದರ ವಿಳಾಸ. ಯಾವ ಹೆಸರಿಗೆ ಯಾವ ನಂಬರು ಎಂದು ಕೇಳಿದವರಿಗೆ ಡಿಎನ್‌ಎಸ್ ಹೇಳುತ್ತದೆ. ಎರಡನ್ನೂ ಹದ್ದುಬಸ್ತಿನಲ್ಲಿ ಇಡುವವನು ಇವನು.

ಒಪ್ಪ ಓರಣದ ಹುಚ್ಚು ಬೇರೆ. "ಇವನ ಮುಂದೆ ಅರ್ಧ ಕುಡಿದ ಲೋಟ ಇಟ್ಟು ಏಳೋ ಹಾಗಿಲ್ಲ, ತೊಳೆದಿಟ್ಟಿರ್ತಾನೆ" ಎಂದು ಅಕ್ಕ ಆಡಿಕೊಳ್ಳುತ್ತಿದ್ದಳು. ಅಕ್ಕನೂ ಅಲ್ಲೇ, ಕೆಳಗಿನ ಕೋಣೆಯಲ್ಲಿ ಫೋನ್ ಕರೆ ತೆಗೆದುಕೊಳ್ಳುವವಳು. ಅವಳು ಬರೆದದ್ದು ಡ್ರೈವರುಗಳ ಪರದೆಯ ಮೇಲೆ ಮೂಡಬೇಕು, ಗಾಡಿ ಹೊರಡಬೇಕು.

ಅವತ್ತು ಬೆಳಿಗ್ಗೆ ಆ ಕರೆಗಳನ್ನು ಡ್ರೈವರುಗಳಿಗೆ ತಲುಪಿಸುವ ಯಂತ್ರವನ್ನು ಬದಲಾಯಿಸಿ, ಡಿಎನ್‌ಎಸ್‌ನಲ್ಲಿ ಹೊಸ ನಂಬರು ಹಾಕಿ, ಹಳೆಯ ಯಂತ್ರವನ್ನು ಆಗಲೇ ಅಳಿಸಿಬಿಟ್ಟ. ಅಲ್ಲೇ ನೋಡಿ ಎಡವಿದ್ದು. ಕೆಳಗಿನ ಕಂಪ್ಯೂಟರುಗಳು ಒಮ್ಮೆ ಕೇಳಿದ ವಿಳಾಸವನ್ನು ಇಡೀ ದಿನ ನೆನಪಿಟ್ಟುಕೊಳ್ಳುತ್ತವೆ. ಆ ಅವಧಿಯನ್ನು ಹಿಂದಿನ ದಿನವೇ ತಗ್ಗಿಸಬೇಕಿತ್ತು, ಮರೆತಿದ್ದ. ಹಳೆಯ ನಂಬರು ಖಾಲಿಯಾದರೂ ಇದ್ದಿದ್ದರೆ ಪರದೆ ತೆರೆಯದೆ ಅಕ್ಕ ಕೂಗು ಹಾಕುತ್ತಿದ್ದಳು. ಆದರೆ ಆಗ ತಾನೇ ಎದ್ದ ಇನ್ನೊಂದು ಯಂತ್ರಕ್ಕೆ ಡಿಎಚ್‌ಸಿಪಿ ಅದೇ ನಂಬರು ಕೊಟ್ಟಿತ್ತು. ಅದು ಹೊಸಬರಿಗೆ ಅಭ್ಯಾಸ ಮಾಡಿಸುವ ಯಂತ್ರ, ಅಕ್ಕನ ಪರದೆಯಲ್ಲಿ ತೆರೆದುಕೊಂಡದ್ದು ಅದೇ. ನೋಡಲು ಥೇಟ್ ಅಸಲಿಯಂತೆ. ಅದರಲ್ಲಿ ಬರೆದದ್ದು ಮಾತ್ರ ಯಾವ ಡ್ರೈವರಿಗೂ ಕಾಣದು.

ಅದೊಂದೂ ಗೊತ್ತಿಲ್ಲದೆ ಕೂತಿದ್ದಾಗ ಡ್ರೈವರೊಬ್ಬ ಟೀ ಹಿಡಿದುಕೊಂಡು ಬಂದ. "ಏನಪ್ಪಾ ಪೋಸ್ಟ್‌ಮ್ಯಾನ್, ಇವತ್ತು ಊರಲ್ಲಿ ಯಾರಿಗೂ ಕಾಯಿಲೆನೇ ಇಲ್ವಾ? ಕೂತೂ ಕೂತೂ ಸೊಂಟ ಹಿಡ್ಕೊಳ್ತು."

ಇವನು ತಟ್ಟನೆ ಕೀಲಿಮಣೆಗೆ ಕೈ ಹಾಕಿದ. ಹುಡುಕಿದರೆ, ಬೆಳಗಿನ ಕರೆಗಳೆಲ್ಲ ಅಭ್ಯಾಸದ ಯಂತ್ರದಲ್ಲಿ ಬಿದ್ದಿದ್ದವು. ಮೊದಲನೆಯದೇ ಎದೆನೋವು. ಕರೆ ಮಾಡಿದವರ ಮನೆ ವಿಳಾಸಗಳನ್ನು ಡ್ರೈವರನ ಕೈಗೆ ತುರುಕಿ, ಆ ಯಂತ್ರ ನಿಲ್ಲಿಸಿ, ಮೆಟ್ಟಿಲಿಳಿದು ಓಡಿದ.

ಅಕ್ಕ ಫೋನಿನಲ್ಲಿದ್ದಳು. "ಹೊರಟಾಗಿದೆ ಅಮ್ಮ, ಟ್ರಾಫಿಕ್ಕಲ್ಲಿ ಸಿಕ್ಕಿರಬೇಕು. ಎದೆನೋವು ಅಂದ್ರಲ್ಲ, ಯಜಮಾನರನ್ನ ನಡೆಸ್ಬೇಡಿ."

"ಅಕ್ಕ, ಹೊರಟಿರಲಿಲ್ಲ," ಎಂದ. "ಒಂದು ಗಾಡಿನೂ ಹೊರಟಿರಲಿಲ್ಲ. ನನ್ನಿಂದ್ಲೇ ಆಗಿದ್ದು."

ಬೈದಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಅಕ್ಕ ಕಿವಿಯ ಹೆಡ್‌ಫೋನ್ ತೆಗೆದು ಅವನ ಕೈಗಿಟ್ಟಳು.

"ಅಮ್ಮ, ಗಾಡಿ ಈಗ ಹೊರಟಿದೆ," ಎಂದ. "ಮೊದಲು ಹೊರಟಿರಲಿಲ್ಲ. ತಪ್ಪು ನಮ್ಮದು."



"ಪಕ್ಕದ ಮನೆಯವರು ಕಾರಲ್ಲಿ ಕರ್ಕೊಂಡು ಹೋಗ್ತೀವಿ ಅಂದ್ರಪ್ಪ," ಎಂದಳು ಆ ಕಡೆಯ ಹೆಂಗಸು. "ನಾನೇ ಬೇಡ ಅಂದೆ. ಗಾಡಿ ಹೊರಟಿದೆ ಅಂದಿದ್ರಲ್ಲ."