ಕಾಶಮ್ಮನ ಕೈಗುಣ
ಕಡೂರು ಸ್ಟೇಷನ್ ಹಿಂದಿನ ವಠಾರದ ಕಾಶಮ್ಮನಿಗೆ ಸ್ವೆಟರಿನ ಮೊಣಕೈ ತೂತಾದರೆ ತೇಪೆ ಹಾಕಿ ಗೊತ್ತಿಲ್ಲ. ಎರಡೂ ಕೈ ಕತ್ತರಿಸಿ ತೋಳಿಲ್ಲದ ಸ್ವೆಟರ್ ಮಾಡಿಬಿಡುತ್ತಾಳೆ. ಎಡಗಡೆ ಹೆಚ್ಚು ಹೋಯಿತೆಂದು ಬಲಗಡೆ ಕತ್ತರಿಸುತ್ತಾಳೆ, ಬಲಗಡೆ ಹೆಚ್ಚಾಯಿತೆಂದು ಮತ್ತೆ ಎಡಕ್ಕೆ ಬರುತ್ತಾಳೆ. ಮೊದಲು ಅಂಚು ಹೊಲಿಯಬೇಕಿತ್ತೆಂಬುದು ಪ್ರತಿ ಸಲವೂ ಉಲ್ಲನ್ ಬಿಚ್ಚಿಕೊಂಡ ಮೇಲೆಯೇ ನೆನಪಾಗುವುದು. ಅಷ್ಟರಲ್ಲಿ ಹೆಗಲು ಕಿರಿದಾಗಿ ಗಂಡನ ಸ್ವೆಟರು ಮಗನ ಪಾಲಾಗುತ್ತದೆ, ಮಗನದು ಮಗಳ ಪಾಲು. “ನನ್ನ ಕೈಗುಣವೇ ಅಂಥಾದ್ದು ಕಣ್ರೀ, ಮುಟ್ಟಿದ್ದೆಲ್ಲದರ ಕೈ ಹೋಗುತ್ತೆ” ಎಂದು ತಾನೇ ನಗುತ್ತಾಳೆ. ಮಾಗಿಯ ಬೆಳಿಗ್ಗೆ ಅಂಗಳ ಗುಡಿಸುವಾಗ ಮಾತ್ರ ಕತ್ತರಿಸಿಟ್ಟ ಆ ಕೈಗಳು ಅವಳ ತೋಳಿಗೇರಿರುತ್ತವೆ, ಒಂದು ಹಸಿರು, ಒಂದು ಕಂದು. ಪಕ್ಕದ ಮನೆಯ ತೀರ್ಥಮ್ಮ ದಿಟ್ಟಿಸಿದರೆ, “ನಂದೂ ಸ್ವೆಟರೇ ಕಣೇ” ಅನ್ನುತ್ತಾಳೆ, “ಮೈ ಒಂದಿಲ್ಲ, ಅಷ್ಟೆ.”